ಬಟ್ಟಲು, ಚಾಪೆ ಮತ್ತು ಪಂಕ್ತಿ

(ವಸತಿ ಶಾಲೆಗಳಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಗಳು ಹಾಗೂ ಅವರ ಹೆತ್ತವರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಲಿಖಿತ ರೂಪ)

ಜೂನ್ ತಿಂಗಳು ಬಂತೆಂದರೆ ಕರಾವಳಿಯ ಬಸ್ಸುಗಳಲ್ಲಿ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ತಗಡಿನ ಟ್ರಂಕು, ಹಗ್ಗ ಬಿಗಿದು ಸುತ್ತಿದ ಚಾಪೆ, ಬಕೆಟಿನೊಳಗೆ ಚೊಂಬು ಮತ್ತು ಸಾಬೂನು, ಇನ್ನೂ ಬಿಚ್ಚದ ಹೊಸ ಕೊಡೆ. ಪಕ್ಕದಲ್ಲಿ ಮಾತಿಲ್ಲದೆ ಕುಳಿತ ಹತ್ತು ಹನ್ನೊಂದು ವರ್ಷದ ಹುಡುಗ ಅಥವಾ ಹುಡುಗಿ. ಅದಕ್ಕಿಂತಲೂ ಮಾತಿಲ್ಲದೆ ಕುಳಿತ ತಾಯಿ. ತಂದೆ ಮಾತ್ರ ಕಂಡಕ್ಟರನೊಡನೆ ಲಗೇಜಿನ ಚೌಕಾಸಿಯಲ್ಲಿ ತೊಡಗಿರುತ್ತಾನೆ. ಆ ಹೊತ್ತಿನಲ್ಲಿ ಅವನಿಗೂ ಒಂದು ಕೆಲಸ ಬೇಕಲ್ಲ!

ಏನೇನು ತರಬೇಕು ಎಂಬ ಪಟ್ಟಿ ಶಾಲೆಯಿಂದಲೇ ಬಂದಿರುತ್ತದೆ. ಎಷ್ಟು ಜೊತೆ ಬಟ್ಟೆ, ಯಾವ ಬಣ್ಣದ ಕಾಲುಚೀಲ, ಎಷ್ಟು ನೋಟುಪುಸ್ತಕ ಎಲ್ಲವೂ ಅದರಲ್ಲಿರುತ್ತದೆ. ಆ ಮಗು ಯಾರ ಪಕ್ಕದಲ್ಲಿ ಕುಳಿತು ಉಣ್ಣಲಿದೆ ಎಂಬುದು ಮಾತ್ರ ಪಟ್ಟಿಯಲ್ಲಿರುವುದಿಲ್ಲ. ವಸತಿ ಶಾಲೆಯ ಬಗ್ಗೆ ಹೊಸಬರು ತಿಳಿದಿರಬೇಕಾದ ಮುಖ್ಯ ವಿಷಯ ಅಲ್ಲಿಂದಲೇ ಆರಂಭವಾಗುತ್ತದೆ.

ಶಬ್ದಗಳನ್ನೇ ನೋಡಿ. ಶಿಷ್ಯನಿಗೆ ಸಂಸ್ಕೃತದಲ್ಲಿ 'ಅಂತೇವಾಸಿ' ಎಂಬ ಹೆಸರುಂಟು. ಗುರುವಿನ ಬಳಿಯಲ್ಲಿ ವಾಸಿಸುವವನು ಎಂದರ್ಥ. ನಾವು ಇಂದು ಬಳಸುವ 'ವಸತಿ ಶಾಲೆ' ಎಂಬ ಮಾತೂ ವಾಸವನ್ನೇ ಹೇಳುತ್ತದೆ. ಇಂಗ್ಲಿಷರ ಮಾತು ಬೇರೆ. ಅವರ 'ಬೋರ್ಡಿಂಗ್' ಶಬ್ದದಲ್ಲಿರುವ ಬೋರ್ಡು ಊಟದ ಹಲಗೆ, ಅಂದರೆ ಮೇಜು. ಹಾಸ್ಟೆಲಿನ ಮಕ್ಕಳು ದಿನಕ್ಕೆ ಹತ್ತು ಸಲ ಬಯ್ಯುವ 'ಮೆಸ್' ಎಂಬುದೂ ಹಳೆಯ ಫ್ರೆಂಚಿನಲ್ಲಿ ಬಡಿಸಿದ ಊಟಕ್ಕಿದ್ದ ಹೆಸರು. ಮಲಗುವುದಕ್ಕಿಂತ ಉಣ್ಣುವುದೇ ಮುಖ್ಯ ಎಂದು ಇಂಗ್ಲಿಷ್ ಶಬ್ದ ಹೇಳುತ್ತದೆ. ಈ ಜಿಲ್ಲೆಯ ವಿದ್ಯಾಭ್ಯಾಸದ ಇತಿಹಾಸವನ್ನು ನೋಡಿದವರು ಆ ಮಾತನ್ನು ಒಪ್ಪಿಯಾರು.

ಒಂದೆರಡು ತಲೆಮಾರುಗಳ ಹಿಂದೆ ಓದುವ ಆಸೆಯಿಂದ ಹಳ್ಳಿ ಬಿಟ್ಟು ಪೇಟೆಗೆ ಬಂದ ಹುಡುಗನಿಗೆ ಶಾಲೆ ಸಿಗುವುದು ಅಷ್ಟೇನೂ ಕಷ್ಟವಿರಲಿಲ್ಲ. ಕಷ್ಟವಿದ್ದುದು ಅನ್ನಕ್ಕೆ. ಆಗ ಇದ್ದ ಒಂದು ದಾರಿಯೇ ವಾರಾನ್ನ. ಪೇಟೆಯ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಉಂಡು ವಾರವನ್ನು ದೂಡುವುದು. ಕೇಳಲು ಸೊಗಸಾದ ವ್ಯವಸ್ಥೆ. ಉಂಡವನ ಕಷ್ಟ ಬೇರೆ. ಒಂದು ಮನೆಯಲ್ಲಿ ಅಡುಗೆಯಾಗುವುದು ಹನ್ನೆರಡಕ್ಕೆ, ಇನ್ನೊಂದರಲ್ಲಿ ಎರಡಕ್ಕೆ. ಶಾಲೆಯ ಗಂಟೆ ಯಾರಿಗೂ ಕಾಯುವುದಿಲ್ಲ. ಒಂದು ಮನೆಗೆ ಸೂತಕ ಬಂದರೆ, ಯಜಮಾನರು ಮದುವೆಗೆಂದು ಬೀಗ ಹಾಕಿ ಹೋದರೆ, ಆ ವಾರದ ಆ ದಿನ ತಣ್ಣೀರೇ ಗತಿ. ಏಳೂ ಮನೆಗಳು ಸಿಗದವನಿಗೆ ವಾರದಲ್ಲಿ ಒಂದೆರಡು ದಿನ ಕಾಯಂ ಉಪವಾಸ. ಉಂಡ ಮನೆಯ ಋಣಕ್ಕೆ ನೀರು ಸೇದುವುದು, ದೇವರ ಪೂಜೆಗೆ ಹೂ ಕೊಯ್ಯುವುದು, ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಇದ್ದೇ ಇತ್ತು. ಅನ್ನ ಹಾಕಿದ ಗೃಹಿಣಿಯರು ಎಷ್ಟೋ ಕಡೆ ತಾಯಂದಿರಂತೆ ನೋಡಿಕೊಂಡದ್ದೂ ಉಂಟು. ಹಾಗೆ ಓದಿ ಮುಂದೆ ವಕೀಲರು, ಮಾಸ್ತರರು ಆದವರು ಆ ಮನೆಗಳನ್ನು ಸಾಯುವ ತನಕ ಮರೆಯಲಿಲ್ಲ. ಆದರೂ ಹನ್ನೆರಡರ ಹುಡುಗನೊಬ್ಬ ಪ್ರತಿದಿನ ಬೇರೆ ಬೇರೆಯವರ ಜಗಲಿಯಲ್ಲಿ 'ಊಟವಾಯಿತೇ' ಎಂಬ ಕರೆಗೆ ಕಾದು ಕುಳಿತಿರಬೇಕಾದ ಸಂಕೋಚವನ್ನು ಯಾವ ಕೃತಜ್ಞತೆಯೂ ಅಳಿಸಲಾರದು.

ಉಡುಪಿಗೆ ಬಂದವರಿಗೆ ಇನ್ನೊಂದು ಆಸರೆ ಇತ್ತು, ಕೃಷ್ಣ ಮಠ. ರಥಬೀದಿಯ ಸುತ್ತಣ ಅಷ್ಟಮಠಗಳು ಸರದಿಯಲ್ಲಿ ಪೂಜೆಯನ್ನು ವಹಿಸಿಕೊಳ್ಳುವ ಪರ್ಯಾಯ ಪದ್ಧತಿಯಲ್ಲಿ ಅನ್ನದಾನಕ್ಕೆ ಮೊದಲಿನಿಂದಲೂ ದೊಡ್ಡ ಸ್ಥಾನ. ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳು ಅಲ್ಲಿ ಉಂಡು ಓದಿದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾದ ಮೇಲೆ, ಮಠದಲ್ಲಿ ಮಧ್ಯಾಹ್ನ ಉಂಡು ಕಾಲೇಜಿಗೆ ನಡೆದು ಹೋದ ಬಡ ಹುಡುಗರೂ ಅನೇಕರು. ಕಾಪು ತಾಲೂಕಿನ ಪಲಿಮಾರಿನಲ್ಲಿ ಮಠದ ಆಶ್ರಯದಲ್ಲಿಯೇ ಗುರುಕುಲ ಬೆಳೆಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ವಾರಾನ್ನದ ಏಳು ಮನೆಗಳಿಗೂ ಮಠದ ಒಳ ಪಂಕ್ತಿಗೂ ಹೋಗಬಹುದಾದವನು ಬ್ರಾಹ್ಮಣ ಹುಡುಗ ಮಾತ್ರ. ಉಡುಪಿಯ ಪಂಕ್ತಿಭೇದದ ಬಗ್ಗೆ ಚರ್ಚೆ, ಚಳವಳಿಗಳು ನಡೆದುದು ಪತ್ರಿಕೆ ಓದುವವರಿಗೆಲ್ಲ ತಿಳಿದದ್ದೇ. 2014ರಲ್ಲಿಯೂ ಅದು ಪ್ರತಿಭಟನೆಗೆ ಕಾರಣವಾಗಿತ್ತು. ಹಾಗಾದರೆ ಬಂಟರ, ಬಿಲ್ಲವರ, ಮೊಗವೀರರ ಬಡ ಮಕ್ಕಳು ಎಲ್ಲಿ ಉಂಡು ಓದಿದರು? ಬಹಳ ಮಂದಿ ಓದಲಿಲ್ಲ ಎಂಬುದೇ ನೇರವಾದ ಉತ್ತರ. ಓದಿದವರಲ್ಲಿ ಹಲವರು ಬಹಳ ದೂರ ಹೋದರು. ಹಡಗು ಅಥವಾ ಬಸ್ಸು ಹತ್ತಿ ಮುಂಬಯಿ ಸೇರಿ, ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿದರು. ಹೋಟೆಲಿನ ಊಟವೇ ಊಟ. ಗಿರಾಕಿಗಳು ಎದ್ದುಹೋದ ಮೇಲೆ ಅದೇ ಮೇಜುಗಳ ನಡುವೆ ಚಾಪೆ ಹಾಸಿದರೆ ಅದೇ ವಸತಿ. ಈ ಜಿಲ್ಲೆಯ ಅತಿ ದೊಡ್ಡ ವಸತಿ ಶಾಲೆ ಮುಂಬಯಿಯಲ್ಲಿತ್ತು ಎಂದರೆ ತೀರಾ ತಮಾಷೆಯ ಮಾತಾಗಲಾರದು.

ದಲಿತರ ಮಕ್ಕಳಿಗೆ ಆ ದಾರಿಯೂ ಕಿರಿದಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಉಡುಪಿಯಲ್ಲಿಯೂ ನೆಲೆಯೂರಿ ಬೋರ್ಡಿಂಗ್ ಶಾಲೆಗಳನ್ನು ನಡೆಸಿದರು. ಮತಾಂತರಗೊಂಡವರನ್ನು ಮನೆಯವರು ಹೊರಗೆ ಹಾಕುತ್ತಿದ್ದುದರಿಂದ ಅವರ ಮಕ್ಕಳಿಗೆ ಮನೆಯನ್ನೇ ಕಟ್ಟಿಕೊಡಬೇಕಾದ ಅಗತ್ಯ ಮಿಷನ್ನಿಗೆ ಇತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ (1859-1928) ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಸ್ವಂತ ಸಮಾಜವೇ ಅವರನ್ನು ದೂರವಿಟ್ಟಿತು. ಶಾಲೆಯೊಂದೇ ಸಾಲದೆಂದು ಕಂಡು ಅವರು ವಿದ್ಯಾರ್ಥಿ ನಿಲಯವನ್ನೂ ನಡೆಸಿದರು. ಅತ್ತ ಬೆಳಗಾವಿಯ ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರಿಗೆ ಎಂದು ಒಂದೊಂದು ಸಮುದಾಯಕ್ಕೂ ಒಂದೊಂದು ಬೋರ್ಡಿಂಗ್ ತೆರೆಯಲು ನೆರವಾದರು. ಎಲ್ಲರಿಗೂ ಸೇರಿ ಒಂದೇ ದೊಡ್ಡ ನಿಲಯ ಏಕಿಲ್ಲ ಎಂದು ಇಂದಿನ ಮಗು ಕೇಳಬಹುದು. ಒಂದೇ ಅಡುಗೆಮನೆಯಿಂದ ಉಣ್ಣಲು ಅಂದಿನ ಹೆತ್ತವರು ತಮ್ಮ ಮಕ್ಕಳನ್ನು ಬಿಡುತ್ತಿರಲಿಲ್ಲ. ಕನ್ನಡನಾಡಿನ ಬಹುತೇಕ ಹಳೆಯ ಹಾಸ್ಟೆಲುಗಳ ಹೆಸರಿನಲ್ಲಿ ಜಾತಿಯೊಂದರ ಹೆಸರು ಅಂಟಿಕೊಂಡಿರುವುದು ಈ ಕಾರಣದಿಂದಲೇ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು (1907-2019) ಎಲ್ಲ ಜಾತಿಯ ಮಕ್ಕಳನ್ನೂ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದೇ ಕಡೆ ಕೂರಿಸಿ ಉಣಬಡಿಸಿದ್ದು ಅಷ್ಟು ದೊಡ್ಡ ಸಂಗತಿ ಎನಿಸಿದ್ದೂ ಇದೇ ಕಾರಣಕ್ಕೆ.

ಕಾರ್ಕಳದವರಿಗೆ ಇಲ್ಲಿ ಒಂದು ವಿಷಯ ಹೊಳೆಯದಿರದು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಆ ಊರಿನಲ್ಲಿ ಜೈನ ಮಠವಿರುವ ಜಾಗದ ಹೆಸರೇ ದಾನಶಾಲೆ. ಜೈನರು ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ: ಆಹಾರ, ಅಭಯ, ಔಷಧ, ಶಾಸ್ತ್ರ. ಕೊನೆಯದರ ಅರ್ಥ ವಿದ್ಯೆ. ಹತ್ತು ವರ್ಷದ ಮಗುವನ್ನು ಮನೆಯಿಂದ ಕರೆದೊಯ್ಯುವ ಯಾವುದೇ ಸಂಸ್ಥೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಇಂದಿನ ವಸತಿ ಶಾಲೆಗಳ ಜಾಹೀರಾತುಗಳಲ್ಲಿ ನಾಲ್ಕನೆಯದು ರ‍್ಯಾಂಕಿನ ರೂಪದಲ್ಲಿ ದೊಡ್ಡ ಅಕ್ಷರಗಳಲ್ಲಿರುತ್ತದೆ, ಮೊದಲನೆಯದು ಫೋಟೋದಲ್ಲಿರುತ್ತದೆ. ಮಗುವಿಗೆ ಜ್ವರ ಬಂದ ರಾತ್ರಿ ಯಾರು ಎಚ್ಚರವಿರುತ್ತಾರೆ, ಅದು ಹೆದರಿದಾಗ ಯಾರ ಬಳಿ ಹೋಗಬಹುದು ಎಂಬುದನ್ನು ಹೆತ್ತವರು ಕೇಳಿಯೇ ತಿಳಿದುಕೊಳ್ಳಬೇಕು. ಕೇಳಲು ಸಂಕೋಚಪಡಬಾರದು.

ಸರಕಾರ ಈ ಕ್ಷೇತ್ರಕ್ಕೆ ಇಳಿದ ಮೇಲೆ ಚಿತ್ರ ಬದಲಾಯಿತು. ಮೊದಲು ಪರಿಶಿಷ್ಟರ, ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯಗಳು, ಆಶ್ರಮ ಶಾಲೆಗಳು ಬಂದವು. ಆಮೇಲೆ ನವೋದಯ. ಹಳ್ಳಿಯ ಜಾಣ ಮಕ್ಕಳಿಗೂ ಪೇಟೆಯ ಸಿರಿವಂತರಿಗೆ ಸಿಗುವಂಥ ಶಾಲೆ ಬೇಕು ಎಂಬ ವಿಚಾರ 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ಬೆಳೆಯಿತು. ಇಂದು ದೇಶದಲ್ಲಿ 650ಕ್ಕೂ ಹೆಚ್ಚು ಜವಾಹರ್ ನವೋದಯ ವಿದ್ಯಾಲಯಗಳಿವೆ. ಉಡುಪಿ ಜಿಲ್ಲೆಯದು ಹೆಬ್ರಿಯ ಬಳಿಯ ಚಾರದಲ್ಲಿದೆ. ಹೆಬ್ರಿ ತಾಲೂಕು ಆಗುವ ಮೊದಲು ಅದು ಕಾರ್ಕಳ ತಾಲೂಕಿಗೆ ಸೇರಿತ್ತು. ಆರನೆಯ ತರಗತಿಗೆ ಪರೀಕ್ಷೆಯ ಮೂಲಕ ಪ್ರವೇಶ. ಕನಿಷ್ಠ ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಪಾಲು ಹುಡುಗಿಯರಿಗೆ. ರಾಜ್ಯ ಸರಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳನ್ನು ನೋಡಿಕೊಳ್ಳಲು 1999ರಲ್ಲಿ ಪ್ರತ್ಯೇಕ ಸಂಘವೇ ಸ್ಥಾಪನೆಯಾಯಿತು. ಕಾರ್ಕಳದ ಮಿಯಾರಿನಲ್ಲಿ ಇಂಥ ಶಾಲೆಯೊಂದುಂಟು. ಈ ಶಾಲೆಗಳಲ್ಲೆಲ್ಲ ಅಡುಗೆಮನೆ ಒಂದೇ, ಪಂಕ್ತಿಯೂ ಒಂದೇ. ಬಟ್ಟಲು ಹಿಡಿದು ಸಾಲಿನಲ್ಲಿ ನಿಂತಾಗ ಮುಂದಿರುವವನ ಮನೆ ಯಾವುದು, ಹಿಂದಿರುವವನ ಮನೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಹೊಸ ಮಗುವಿಗೆ ಅದೊಂದು ಮಾಮೂಲು ಸಾಲು. ಅದರ ಅಜ್ಜ ಆ ಸಾಲನ್ನು ಕಂಡರೆ ಒಂದು ಗಳಿಗೆ ನಿಂತು ನೋಡಿಯಾರು.

ಹಾಗೆಂದು ಮೊದಲ ರಾತ್ರಿ ಯಾವ ಮಗುವಿಗೂ ಇತಿಹಾಸ ನೆನಪಾಗುವುದಿಲ್ಲ. ನೆನಪಾಗುವುದು ಅಮ್ಮ. ಕಾಪುವಿನ ಕಡಲ ಬದಿಯಲ್ಲಿ, 1901ರ ಆ ದೀಪಸ್ತಂಭದ ಆಸುಪಾಸಿನಲ್ಲಿ ಹುಟ್ಟಿದ ಮಗು ಅಲೆಗಳ ಸದ್ದಿಲ್ಲದೆ ನಿದ್ದೆ ಮಾಡಿಯೇ ಇರುವುದಿಲ್ಲ. ಚಾರ, ಹೆಬ್ರಿಯ ಕಡೆ ಹೋದರೆ ಜಿಲ್ಲೆ ಅದೇ ಆದರೂ ಮುಂದೆ ಆಗುಂಬೆಯ ಘಟ್ಟ, ಸುತ್ತ ಕಾಡು, ರಾತ್ರಿಯಿಡೀ ಮಾಡಿನ ಮೇಲೆ ಮಳೆ. ಹೊಸ ಜಾಗದ ಕತ್ತಲೆಯೇ ಬೇರೆ. ಪಕ್ಕದ ಹಾಸಿಗೆಯಲ್ಲಿ ಯಾರೋ ಮುಸುಕೆಳೆದು ಅಳುವುದು ಕೇಳಿಸುತ್ತದೆ. ಮಕ್ಕಳೇ, ಆ ಅಳು ನಿಮಗೂ ಬರುತ್ತದೆ, ಬರಲಿ. ಹಗಲು ಅಷ್ಟು ಗತ್ತಿನಿಂದ ಓಡಾಡುವ ಎಂಟನೆಯ ತರಗತಿಯವರೂ ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅತ್ತವರೇ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇದು ಹಗುರಾಗುತ್ತದೆ. ಭಾನುವಾರ ಸಂಜೆ ಮಾತ್ರ ಬಹಳ ಕಾಲ ಕಾಡುತ್ತದೆ. ಅದಕ್ಕೆ ಮದ್ದು ಆಟದ ಬಯಲು.

ಹೆತ್ತವರಿಗೊಂದು ಮಾತು. ಭೇಟಿಯ ದಿನ ಬಂದು ಹೊರಡುವಾಗ ಹೇಳಿಯೇ ಹೊರಡಿ. ಮಗು ಅಳುತ್ತದೆಂದು ಕಣ್ತಪ್ಪಿಸಿ ಬಸ್ಸು ಹತ್ತಿದರೆ ಮುಂದಿನ ತಿಂಗಳಿನವರೆಗೆ ಆ ಮಗು ಗೇಟಿನ ಕಡೆಯೇ ನೋಡುತ್ತಿರುತ್ತದೆ. ಚಕ್ಕುಲಿ ಉಂಡೆ ತಂದರೆ ಆರು ಮಂದಿಗೆ ಸಾಲುವಷ್ಟು ತನ್ನಿ. ಒಬ್ಬನಿಗೆಂದು ತಂದ ತಿಂಡಿ ಟ್ರಂಕಿನಲ್ಲಿ ಬೀಗದೊಳಗೆ ಹಳಸುತ್ತದೆ, ಜೊತೆಗೆ ಸ್ನೇಹವೂ. ಹಿಂದೆ ಅಂತರ್ದೇಶೀಯ ಪತ್ರದ ಮೂರು ಮಗ್ಗುಲು ತುಂಬಿಸಿ ಬರೆಯುತ್ತಿದ್ದರು. ಈಗ ವಾರಕ್ಕೆ ಐದು ನಿಮಿಷದ ಫೋನು. ಆ ಐದು ನಿಮಿಷದಲ್ಲಿ 'ಎಷ್ಟು ಮಾರ್ಕು' ಎಂಬುದನ್ನು ಕೊನೆಗೆ ಕೇಳಿದರೆ ಸಾಕು. ಊರಿನಲ್ಲಿ ದನ ಕರು ಹಾಕಿದ ಸುದ್ದಿ ಮೊದಲಿರಲಿ.

ಊಟದ ವಿಷಯದಲ್ಲಿ ಜಗಳ ತಪ್ಪಿದ್ದಲ್ಲ. ಕುಚ್ಚಲಕ್ಕಿಯ ಗಂಜಿ ಉಂಡು ಬೆಳೆದವರಿಗೆ ಬೆಳ್ತಿಗೆ ಅನ್ನ ಹೊಟ್ಟೆಗೆ ನಿಲ್ಲುವುದಿಲ್ಲ. ಮೀನಿಲ್ಲದ ಊಟ ಕಡಲ ಬದಿಯ ಮಕ್ಕಳಿಗೆ ಊಟವೇ ಅಲ್ಲ. ಬಯಲುಸೀಮೆಯಿಂದ ಬಂದ ಗೆಳೆಯ ತೆಂಗಿನ ಸಾರಿಗೆ ಮುಖ ಹುಳಿ ಮಾಡಿ ಜೋಳದ ರೊಟ್ಟಿಯ ಕನಸು ಕಾಣುತ್ತಾನೆ. ನವೋದಯದಲ್ಲಿ ಒಂಬತ್ತನೆಯ ತರಗತಿಯ ಕೆಲವು ಮಕ್ಕಳನ್ನು ಹಿಂದಿ ಪ್ರದೇಶದ ಶಾಲೆಗೆ ಕಳುಹಿಸಿ, ಅಲ್ಲಿಯವರನ್ನು ಇಲ್ಲಿಗೆ ಕರೆತರುವ ಪದ್ಧತಿ ಇರುವುದರಿಂದ ಇಡ್ಲಿಯನ್ನು ಬೆರಗಿನಿಂದ ನೋಡುವವರೂ ಸಿಗುತ್ತಾರೆ. ಭಾಷೆಯದೂ ಇದೇ ಪಾಡು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಆಡಿದವರು ಒಂದೇ ಕೋಣೆಗೆ ಬಂದು ಬೀಳುತ್ತಾರೆ. ಮೊದಲ ತಿಂಗಳು ಒಬ್ಬರ ಮಾತನ್ನು ಇನ್ನೊಬ್ಬರು ಅಣಕಿಸುತ್ತಾರೆ. ವರ್ಷ ತುಂಬುವುದರೊಳಗೆ ಎಲ್ಲರೂ ಸೇರಿ ಯಾವ ಊರಿನದೂ ಅಲ್ಲದ ಒಂದು ಹಾಸ್ಟೆಲ್ ಕನ್ನಡವನ್ನು ಹುಟ್ಟಿಸಿಕೊಂಡಿರುತ್ತಾರೆ. ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದಂದಿನಿಂದ ದೇಶವಿದೇಶದ ವಿದ್ಯಾರ್ಥಿಗಳು ಬಂದು ಹಾಸ್ಟೆಲುಗಳಲ್ಲಿ ನೆಲೆಸಿದ್ದಾರೆ. ದೊಡ್ಡವರಾದ ಮಾತ್ರಕ್ಕೆ ಅವರಿಗೇನೂ ಮನೆಯ ಊಟ ಕಡಿಮೆ ನೆನಪಾಗುವುದಿಲ್ಲ.

ಮಳೆಗಾಲದ ಒಂದು ಕಿವಿಮಾತು: ಒಣಗದ ಬಟ್ಟೆ ತೊಡಬಾರದು, ಒಬ್ಬರ ತೊರ್ತು ಇನ್ನೊಬ್ಬರು ಬಳಸಬಾರದು. ಕಜ್ಜಿಯೂ ಹೇನೂ ವಸತಿ ಶಾಲೆಯ ಹಳೆಯ ನಿವಾಸಿಗಳು. ಬಂದರೆ ಅವಮಾನವಲ್ಲ, ಬಚ್ಚಿಟ್ಟರೆ ಕೋಣೆಗೆಲ್ಲ ಹಂಚಿಕೆ.

ನವೋದಯ ಸೇರಿದ ದಿನವೇ ಮಗು ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಎಂಬ ನಾಲ್ಕು 'ಹೌಸ್'ಗಳಲ್ಲಿ ಒಂದಕ್ಕೆ ಸೇರುತ್ತದೆ. ಹೌಸು, ಅದಕ್ಕೊಬ್ಬ ನಾಯಕ, ಹಿರಿಯ ವಿದ್ಯಾರ್ಥಿಗೆ ಕಿರಿಯರ ಮೇಲೆ ಅಧಿಕಾರ ಎಂಬ ಏರ್ಪಾಡು ಬಂದುದು ಇಂಗ್ಲೆಂಡಿನ ಶಾಲೆಗಳಿಂದ. 1828ರಿಂದ 1842ರ ತನಕ ರಗ್ಬಿ ಎಂಬ ಊರಿನ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಥಾಮಸ್ ಅರ್ನಾಲ್ಡ್ ಹಿರಿಯ ವಿದ್ಯಾರ್ಥಿಗಳ ಮೂಲಕ ಶಿಸ್ತು ಕಾಪಾಡುವ ಪದ್ಧತಿಗೆ ಹೆಸರಾದವನು. ಅಲ್ಲಿಂದ ಅದು 1935ರಲ್ಲಿ ಆರಂಭವಾದ ಡೆಹ್ರಾಡೂನಿನ ಡೂನ್ ಶಾಲೆಯಂಥವುಗಳಿಗೆ ಬಂತು. ನವೋದಯ ಯೋಜನೆ ಬಂದಾಗ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಡೂನಿನ ವಿದ್ಯಾರ್ಥಿಯೇ. ಈ ಪದ್ಧತಿಯಿಂದ ಹೊಣೆ ಹೊರಲು ಕಲಿತವರು ಬಹಳ ಮಂದಿ. ಅದರ ಹಿಂದೆಯೇ ಕಿರಿಯರಿಂದ ಬೂಟು ಒರೆಸಿಸುವ, ಚಾಕರಿ ಮಾಡಿಸುವ ರೂಢಿಯೂ ಇಂಗ್ಲೆಂಡಿನಲ್ಲಿ ಬೆಳೆದಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮವರೂ ಕಡಿಮೆಯೇನಲ್ಲ, ಹಳೆಯ ಐಗಳ ಮಠಗಳಲ್ಲಿ ಹುಡುಗನನ್ನು ತೊಲೆಗೆ ನೇತುಹಾಕುವ ಕೋದಂಡದ ಶಿಕ್ಷೆಯಿತ್ತು. ಆ ಕಾಲದಲ್ಲಿ ಅದನ್ನು ತಪ್ಪೆಂದು ಹೇಳಲು ಮಗುವಿಗೆ ಯಾರೂ ಇರಲಿಲ್ಲ.

ಇಂದು ಇದ್ದಾರೆ. ಇದನ್ನು ಹೊಸ ಮಕ್ಕಳು ಕಿವಿಗೊಟ್ಟು ಕೇಳಬೇಕು. ಐದೂವರೆಗೆ ಏಳುವುದು, ತಣ್ಣೀರಿನ ಸ್ನಾನ, ತನ್ನ ಬಟ್ಟೆ ತಾನೇ ಒಗೆಯುವುದು, ಸಪ್ಪೆ ಸಾರು, ಸರದಿಯ ಕಸಬರಿಕೆ ಇವೆಲ್ಲ ಸಹಿಸಬೇಕಾದ ಕಷ್ಟಗಳು. ಹೊಡೆತ, ಹೆದರಿಸಿ ಮಾಡಿಸುವ ಚಾಕರಿ, ಜಾತಿ ಹಿಡಿದು ಬಯ್ಯುವುದು, ಮೈಮುಟ್ಟಿ ಕಾಡಿಸುವುದು ಸಹಿಸಬೇಕಾದ ಕಷ್ಟಗಳಲ್ಲ. ಮಾಡಿದವನು ಹಿರಿಯ ವಿದ್ಯಾರ್ಥಿಯಾಗಲಿ, ಅಡುಗೆಯವನಾಗಲಿ, ಮಾಸ್ತರರೇ ಆಗಲಿ, ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರಿಂದ ಪ್ರತ್ಯೇಕ ಕಾಯಿದೆಯೇ ಇದೆ. 1098 ಎಂಬ ಸಂಖ್ಯೆಗೆ ಯಾವ ಫೋನಿನಿಂದಲೂ ದುಡ್ಡು ಕೊಡದೆ ಕರೆ ಮಾಡಬಹುದು. 'ಹೇಳಿದರೆ ಅಪ್ಪ ಅಮ್ಮನಿಗೆ ಬೇಸರವಾದೀತು, ಇಷ್ಟು ಕಷ್ಟಪಟ್ಟು ಸೇರಿಸಿದ್ದಾರೆ' ಎಂದು ಸುಮ್ಮನಿರುವ ಮಕ್ಕಳೇ ಹೆಚ್ಚು ನೋಯುವವರು. ಹೆತ್ತವರು ಈ ಮಾತನ್ನು ಬಸ್ಸು ಹತ್ತುವ ಮೊದಲು, ಮನೆಯ ಜಗಲಿಯಲ್ಲಿಯೇ ಮಗುವಿಗೆ ಹೇಳಬೇಕು: ಬೇಡವೆನಿಸಿದರೆ ಮನೆಗೆ ಬರಬಹುದು, ಬಾಗಿಲು ತೆರೆದೇ ಇದೆ. ಹೀಗೆ ಹೇಳಿದರೆ ಮಕ್ಕಳು ಓಡಿ ಬರುತ್ತಾರೆಂದು ಕೆಲವರಿಗೆ ಭಯ. ಬಾಗಿಲು ತೆರೆದಿದೆ ಎಂದು ಗೊತ್ತಿರುವ ಮಗುವೇ ಧೈರ್ಯದಿಂದ ಅಲ್ಲಿ ನಿಲ್ಲುವುದು.

ಇನ್ನು ಸಾಮಾನಿನ ಪಟ್ಟಿ. ಅದರಲ್ಲಿ ಸ್ಟೀಲಿನ ಬಟ್ಟಲು, ಲೋಟ ಎಂದಿರುತ್ತದೆ. ಉಡುಪಿ, ಕಾರ್ಕಳದ ಪಾತ್ರೆ ಅಂಗಡಿಗಳಲ್ಲಿ ಹೆಸರು ಕೆತ್ತಿಕೊಡುವ ಸಣ್ಣ ಯಂತ್ರವಿರುತ್ತದೆ. ಮನೆಯ ಬಟ್ಟಲುಗಳ ಮೇಲೆ ಅಜ್ಜನ ಹೆಸರೋ ಮದುವೆಯ ತಾರೀಕೋ ಇರುವುದು ವಾಡಿಕೆ. ಈ ಬಟ್ಟಲಿನ ಮೇಲೆ ಮಗುವಿನ ಹೆಸರನ್ನೇ ಕೆತ್ತಿಸಿ. ಮನೆತನದ ಹೆಸರು ಬೇಡ, ಇನಿಷಿಯಲ್ ಸಾಕು. ಒಂದೇ ಹೆಸರಿನವರು ಇಬ್ಬರಿದ್ದರೆ ಬಟ್ಟಲುಗಳು ಮೊದಲ ವಾರವೇ ಅದಲುಬದಲಾಗುತ್ತವೆ.